ಏರಿ ಇಲ್ಲದ ಕೆರೆಗಳ ಊರು

ಇಂಗ್ಲೆಂಡಿನ ಒಂದು ಹಳ್ಳಿ ನನಗೆ ಚೆನ್ನಾಗಿ ಗೊತ್ತು. ಅದರ ಚರ್ಚು ಎಲ್ಲಿದೆ, ಶಾಲೆ ಎಲ್ಲಿದೆ, ಯಾವ ಹೊಲದ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಅಂಚೆ ಕಚೇರಿಯಿಂದ ಹೊರಟ ಓಣಿ ಎಷ್ಟು ದೂರ ಹೋಗಿ ಎಡಕ್ಕೆ ತಿರುಗುತ್ತದೆ, ಕಣ್ಣು ಕಟ್ಟಿ ಕೇಳಿದರೂ ಹೇಳುತ್ತೇನೆ. ಊರನ್ನು ಮಾತ್ರ ಒಂದು ಸಲವೂ ನೋಡಿಲ್ಲ. ಇಂಗ್ಲೆಂಡಿಗೇ ಹೋಗಿಲ್ಲ. ನನಗೆ ಗೊತ್ತಿರುವುದು ಅದರ ನಕ್ಷೆ. ನಕ್ಷೆ ಗೊತ್ತಿದ್ದರೆ ಊರು ಗೊತ್ತಿದ್ದಂತೆಯೇ ಎಂದು ನಂಬಿ ಬೆಳೆದವಳು ನಾನು. ಆ ನಂಬಿಕೆ ಒಂದು ಸಲ ಇಡೀ ತರಗತಿಯ ಎದುರು ನನ್ನ ಮುಖಭಂಗ ಮಾಡಿತು, ಆಮೇಲೆ ಅದೇ ನನ್ನನ್ನು ಎತ್ತಿ ನಿಲ್ಲಿಸಿತು. ಅದನ್ನು ಹೇಳಿಕೊಳ್ಳದಿದ್ದರೆ ನನಗೆ ತಿಂದ ಅನ್ನ ಅರಗುವುದಿಲ್ಲ. ಜಂಬ ಎನ್ನುವವರು ಎನ್ನಲಿ, ಜಂಬವೇ.

ನಾನು ನೈರೋಬಿಯಲ್ಲಿ ಭೂಗೋಳದ ಮೇಡಂ. ಮನೆ ಪಂಗಾನಿಯಲ್ಲಿ, ಶಾಲೆ ಸ್ಪ್ರಿಂಗ್ ವ್ಯಾಲಿಯ ಕಡೆ. ಬೆಳಿಗ್ಗೆ ಎರಡು ಮಟಾಟು, ಅಂದರೆ ಇಲ್ಲಿಯ ಬಾಡಿಗೆ ವ್ಯಾನು, ಬದಲಾಯಿಸಿ, ಹಾರ್ನು ಹಾಡು ಎರಡನ್ನೂ ಕಿವಿಯಲ್ಲಿ ತುಂಬಿಕೊಂಡು, ದೊಡ್ಡ ಮರಗಳ ಆ ತಣ್ಣನೆಯ ರಸ್ತೆಯಲ್ಲಿ ಇಳಿದು ನಡೆದರೆ, ಗೇಟಿನ ಕಾವಲಿನವನು, ಇಲ್ಲಿಯ ಮಾತಿನಲ್ಲಿ ಅಸ್ಕರಿ, "ಹಬಾರಿ, ಮ್ವಾಲಿಮು" ಎಂದು ಸಲಾಮು ಹೊಡೆಯುತ್ತಾನೆ. ಮ್ವಾಲಿಮು ಎಂದರೆ ಮೇಷ್ಟ್ರು. ಅಷ್ಟು ಕೇಳಿದರೆ ಸಾಕು, ಮಟಾಟಿನಲ್ಲಿ ಬಗ್ಗಿದ್ದ ಬೆನ್ನು ನೆಟ್ಟಗಾಗುತ್ತದೆ.

ನಮ್ಮದು ಬ್ರಿಟಿಷ್ ಸಿಲಬಸ್ಸಿನ ಶಾಲೆ. ಹದಿನಾರು ವರ್ಷದ ಮಕ್ಕಳು ಕೊನೆಯ ಪರೀಕ್ಷೆಗೆ ಕೂರುತ್ತಾರೆ, ಅದರಲ್ಲಿ ನಕ್ಷೆ ಓದುವ ಒಂದು ದೊಡ್ಡ ಪ್ರಶ್ನೆ ಇರುತ್ತದೆ. ಅಭ್ಯಾಸಕ್ಕೆಂದು ಶಾಲೆಯವರು ಯಾವ ಕಾಲದಲ್ಲೋ ಇಂಗ್ಲೆಂಡಿನ ಒಂದೇ ಒಂದು ಹಾಳೆಯ ಮೂವತ್ತು ಪ್ರತಿಗಳನ್ನು ತರಿಸಿದ್ದರು. ನಾನು ಸೇರಿದಾಗ ಅವು ಹೊಸವು. 2014ರ ಹೊತ್ತಿಗೆ, ಅಂದರೆ ನಾನು ಸೇರಿ ಹದಿನೆಂಟು ವರ್ಷಕ್ಕೆ, ಮಡಿಕೆಗಳೆಲ್ಲ ಹರಿದು ಸೆಲೋಟೇಪಿನ ಮೇಲೆ ನಿಂತಿದ್ದವು. ಹಾಳೆಯ ನಡುವೆ ಒಂದು ಪುಟ್ಟ ಹಳ್ಳಿ, ಸುತ್ತ ಹೊಲಗಳು. ಎತ್ತರ ತೋರಿಸುವ ಕಂದು ಗೆರೆಗಳು, ಕಾಲುದಾರಿಗೆ ಹಸಿರು ಚುಕ್ಕಿಗೆರೆ, ಹೊಲದ ಬೇಲಿಗೆ ಕೂದಲಿನಷ್ಟು ಸಣ್ಣ ಕಪ್ಪು ಗೆರೆ, ಅಲ್ಲಲ್ಲಿ ನೀಲಿ ಚುಕ್ಕೆಗಳಾಗಿ ಏಳು ಕೆರೆ.

ಈ ಹಾಳೆಯನ್ನು ಮೊದಲ ದಿನ ಬಿಡಿಸಿದಾಗ ಬೇರೆ ಯಾರಿಗಾದರೂ ಪರದೇಶ ಕಾಣುತ್ತಿತ್ತೇನೋ. ನನಗೆ ಅಪ್ಪನ ಚೀಲ ಕಂಡಿತು. ನಮ್ಮಪ್ಪ ತುಮಕೂರು ಜಿಲ್ಲೆಯಲ್ಲಿ ಸರ್ವೆ ಇಲಾಖೆಯ ಮೋಜಿಣಿದಾರ. ಹೆಗಲಿಗೆ ಗ್ರಾಮನಕ್ಷೆಗಳ ಚೀಲ, ಹಿಂದೆ ಸರಪಳಿ ಹಿಡಿದ ಇಬ್ಬರು ಆಳು, ತಲೆಯ ಮೇಲೆ ಬಿಸಿಲು. ಶಾಲೆಯಲ್ಲಿ ಹುಡುಗರು ನನ್ನನ್ನು "ಸರಪಳಿ" ಎಂದೇ ಕರೆಯುತ್ತಿದ್ದರು. ಅಳುತ್ತಾ ಮನೆಗೆ ಬಂದರೆ ಅಪ್ಪ, "ಕರೀಲಿ ಬಿಡು. ಅವ್ರ ಅಪ್ಪಂದಿರ ಹೊಲ ಎಷ್ಟಿದೆ ಅಂತ ಹೇಳೋನು ನಾನೇ" ಎನ್ನುತ್ತಿದ್ದ. ಬೇಸಗೆ ರಜೆಯಲ್ಲಿ ನನ್ನನ್ನೂ ಜೊತೆಗೆ ಕರೆದೊಯ್ಯುತ್ತಿದ್ದ. ಬಾಂದುಕಲ್ಲು ಹುಡುಕುವುದು, ನಕ್ಷೆಯನ್ನು ನೆಲಕ್ಕೆ ಸರಿಯಾಗಿ ತಿರುಗಿಸಿ ಹಿಡಿಯುವುದು, ಎಲ್ಲ ಕಲಿತದ್ದು ಆಗಲೇ. ಅಳತೆ ನಕ್ಷೆಗೆ ಹೊಂದಿದರೆ ಅಪ್ಪ ಆಳುಗಳಿಗೆ "ತಾಳೆ ಆಯ್ತು" ಎನ್ನುತ್ತಿದ್ದ. ಅವನ ಬಾಯಲ್ಲಿ ಹೊಗಳಿಕೆ ಎಂದರೆ ಅದೊಂದೇ. ನಾನು ಅಳೆದು ಹೇಳಿದರೆ ಮಾತ್ರ ಮತ್ತೊಮ್ಮೆ ತಾನೇ ಅಳೆದು, "ಹೂಂ" ಎಂದು ಮುಂದಿನ ಕಲ್ಲಿಗೆ ನಡೆದುಬಿಡುತ್ತಿದ್ದ. ಆ "ಹೂಂ" ನನ್ನ ಹೊಟ್ಟೆಯಲ್ಲಿ ಇವತ್ತಿಗೂ ಇದೆ.

ಹಾಗಾಗಿ ನಾನು ಇಂಗ್ಲೆಂಡಿನ ಹಳ್ಳಿಯನ್ನು ನಮ್ಮ ಕಡೆಯ ಕಣ್ಣಿನಿಂದಲೇ ಕಲಿಸಿದೆ. ಊರಿಗೆಲ್ಲ ಸೇರಿದ ಹುಲ್ಲುಗಾವಲು ಕಂಡರೆ, ಇದು ಗೋಮಾಳ, ಎಲ್ಲರ ದನವೂ ಮೇಯಬಹುದು ಎನ್ನುತ್ತಿದ್ದೆ. ಮನೆಗಳೆಲ್ಲ ದಿಣ್ಣೆಯ ಮೇಲೆ ಏಕೆ ಎಂದರೆ, ನೀರು ಹತ್ತಿರ ಇರಬೇಕು, ಮನೆಯೊಳಗೆ ಬರಬಾರದು ಎನ್ನುತ್ತಿದ್ದೆ. ಮಕ್ಕಳು ಕಿಕುಯು, ಲುವೊ, ಗುಜರಾತಿ, ಸೊಮಾಲಿ, ಎಲ್ಲರೂ ಇದ್ದರು. ತಂತಮ್ಮ ಅಜ್ಜಿಯರ ಊರನ್ನು ನೆನೆಸಿಕೊಂಡು ತಲೆಯಾಡಿಸುತ್ತಿದ್ದರು. ಹದಿನೆಂಟು ವರ್ಷದಲ್ಲಿ ನಕ್ಷೆಯ ಪ್ರಶ್ನೆಗೆ ಹೆದರಿದ ಒಂದು ಮಗುವನ್ನೂ ನಾನು ಪರೀಕ್ಷೆಗೆ ಕಳಿಸಿಲ್ಲ.

ಆ ವರ್ಷ ನನಗೆ ಹುಕಿ ಬಂತು. ನಕ್ಷೆಯನ್ನು ಮಣ್ಣಿನ ಊರಿನಂತೆ ಎಬ್ಬಿಸಿ ನಿಲ್ಲಿಸಬೇಕು ಅನ್ನಿಸಿತು. ನಮ್ಮೆಜಮಾನರು ಇಂಡಸ್ಟ್ರಿಯಲ್ ಏರಿಯಾದ ಒಂದು ಬಣ್ಣದ ಕಾರ್ಖಾನೆಯಲ್ಲಿ ಕೆಮಿಸ್ಟು. ಅಲ್ಲಿಂದ ರಟ್ಟಿನ ಪೆಟ್ಟಿಗೆಗಳು, ಡಬ್ಬಿಯ ತಳದಲ್ಲಿ ಉಳಿದ ಬಣ್ಣಗಳು ಬಂದವು. ಒಂದೊಂದು ಎತ್ತರದ ಗೆರೆಗೆ ಒಂದೊಂದು ಪದರ ರಟ್ಟು ಕತ್ತರಿಸಿ ಮೇಲೆ ಮೇಲೆ ಅಂಟಿಸಿ, ಹಳೆಯ ಪೇಪರನ್ನು ನೆನೆಸಿ ರುಬ್ಬಿ ಮೈದಾ ಗಂಜಿ ಕಲೆಸಿ ಮೆತ್ತಿದೆವು. ತಿಂಗಳೊಪ್ಪತ್ತಿನಲ್ಲಿ ತರಗತಿಯ ಹಿಂಭಾಗದ ಎರಡು ಮೇಜು ಸೇರಿಸಿದಷ್ಟು ದೊಡ್ಡ ಊರು ಎದ್ದು ನಿಂತಿತು.

ಮಕ್ಕಳು ಹೊಲಗಳ ನಡುವಿನ ಹನ್ನೊಂದು ಫಾರಂ ಮನೆಗಳ ಮುಂದೂ ಬೆಂಕಿಪೊಟ್ಟಣದ ಒಂದೊಂದು ಗೂಡು ಇಟ್ಟಿದ್ದರು.

"ಇದೇನಿದು?" ಎಂದೆ.

"ಅಸ್ಕರಿಯ ಮನೆ, ಮಿಸ್," ಎಂದಳು ಮುಂದಿನ ಬೆಂಚಿನ ಕಿಕುಯು ಹುಡುಗಿ. ಮಾತು ಕಡಿಮೆ, ಕಣ್ಣು ಚುರುಕು. "ಗೇಟಿಗೆ ಅಸ್ಕರಿ ಇಲ್ಲದಿದ್ರೆ ಹಸುಗಳನ್ನ ಕದ್ಕೊಂಡು ಹೋಗಲ್ವಾ?"

ನೈರೋಬಿಯಲ್ಲಿ ಹುಟ್ಟಿದ ಮಗು, ಕಾವಲಿಲ್ಲದ ಗೇಟನ್ನು ಕಂಡೇ ಇಲ್ಲ. ನಕ್ಕು ಸುಮ್ಮನಾದೆ. ನಾನೇನು ಕಡಿಮೆ ಇರಲಿಲ್ಲ. ಏಳು ಕೆರೆಗಳಿಗೂ ಇಳಿಜಾರಿನ ಬದಿಗೆ ಒಂದೊಂದು ಏರಿ ಕಟ್ಟಿದ್ದೆ. ನೀರು ಬಿಡುವುದಕ್ಕೆ ಬಳಪದ ಚೂರಿನಲ್ಲಿ ತೂಬು ಕೂಡ ಮಾಡಿದ್ದೆ. ಕೆರೆ ಎಂದ ಮೇಲೆ ಏರಿ ಇರಬೇಕು, ಏರಿ ಎಂದ ಮೇಲೆ ತೂಬು ಇರಬೇಕು. ನಮ್ಮ ಬಯಲುಸೀಮೆಯಲ್ಲಿ ಅಡ್ಡ ಕಟ್ಟದೆ ನೀರು ಎಲ್ಲಿ ನಿಂತಿದೆ? ಹೀಗಲ್ಲದೆ ಬೇರೆ ಹೇಗಾದರೂ ಇರಬಹುದೆಂದು ನನಗೆ ಹೊಳೆಯಲೂ ಇಲ್ಲ.

ಆ ಸೆಪ್ಟೆಂಬರಿನಲ್ಲೇ ಇಂಗ್ಲೆಂಡಿನಿಂದ ಒಬ್ಬ ಹೊಸ ಭೂಗೋಳದ ಮೇಷ್ಟ್ರು ಬಂದಿದ್ದ. ಎಳೆಯ ಪ್ರಾಯ, ಬಿಸಿಲಿಗೆ ಕೆಂಪಾದ ಮೂಗು, ಎಲ್ಲರಿಗೂ ತಾನೇ ಮೊದಲು ನಮಸ್ಕಾರ ಹೇಳುವ ಒಳ್ಳೆಯ ಹುಡುಗ. ನಮ್ಮ ಊರನ್ನು ನೋಡಲು ಬಂದವನು ಮೇಜಿನ ಮುಂದೆ ನಿಂತು ಬಾಯಿ ತೆರೆದ.

"ಇದು ನನಗೆ ಗೊತ್ತು! ನಮ್ಮಮ್ಮನ ಮನೆಯಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ. ಚಿಕ್ಕವನಿದ್ದಾಗ ಈ ದಾರಿಯಲ್ಲೆಲ್ಲ ನಡೆದಿದ್ದೇನೆ."

ಎಲ್ಲಿಯ ಊರು, ಎಲ್ಲಿಯ ಹುಡುಗ ಎಂದು ಆಶ್ಚರ್ಯಪಡುವವರಿಗೆ ಒಂದು ಮಾತು: ಇಂಗ್ಲೆಂಡು ನಮ್ಮ ಕರ್ನಾಟಕಕ್ಕಿಂತ ಚಿಕ್ಕದು. ಹದಿನೆಂಟು ವರ್ಷ ಕಾದರೆ ಯಾರಾದರೊಬ್ಬರು ಬಂದೇ ಬರುತ್ತಾರೆ.

ಅವನು ಅಸ್ಕರಿಗೂಡುಗಳನ್ನು ನೋಡಿ ನಕ್ಕ, ಮಕ್ಕಳೂ ನಕ್ಕರು. ಆಮೇಲೆ ಕೆರೆಗಳ ಬಳಿ ಬೆರಳಿಟ್ಟು, "ಈ ಗೋಡೆಗಳು ಏನು?" ಎಂದು ಕೇಳಿದ. ನಾನು ಗತ್ತಿನಿಂದ ಏರಿ, ತೂಬು ಎಲ್ಲ ವಿವರಿಸಿದೆ. ಅವನ ಮುಖದ ನಗು ಪೇಚಿನ ನಗುವಾಯಿತು.

"ಇಲ್ಲ ಮೇಡಂ, ಅಲ್ಲಿ ಹಾಗೇನೂ ಇಲ್ಲ. ಹಿಂದಿನವರು ಹೊಲಕ್ಕೆ ಹಾಕಲು ಜೇಡಿಮಣ್ಣು ಅಗೆದ ಗುಂಡಿಗಳು ಅವು. ಮಳೆ ನೀರು ತುಂಬಿಕೊಂಡಿದೆ, ದನ ಕುಡಿಯುತ್ತವೆ. ಅಲ್ಲಿ ನೀರು ನಿಲ್ಲಿಸೋದು ಯಾರಿಗೂ ಬೇಕಾಗಿಲ್ಲ, ಓಡಿಸೋದೇ ಕಷ್ಟ."

ಏರಿ ಇಲ್ಲದ ಕೆರೆ! ನನ್ನ ಮುಖ ಬಿಸಿಯಾಯಿತು. ಹುಡುಗ ಕುಹಕದಿಂದ ಹೇಳಿರಲಿಲ್ಲ, ಅದೇ ಇನ್ನೂ ಕಷ್ಟ. ಕುಹಕವಾಗಿದ್ದರೆ ಉತ್ತರ ಕೊಡುತ್ತಿದ್ದೆ. ಮುಂದಿನ ಬೆಂಚಿನ ಆ ಹುಡುಗಿ ಕೈ ಎತ್ತಿದಳು. "ಮಿಸ್, ಹಾಗಾದ್ರೆ ಪರೀಕ್ಷೆಯಲ್ಲಿ ನಾವು ಏನಂತ ಬರೀಬೇಕು?"

ಹದಿನೆಂಟು ವರ್ಷದಲ್ಲಿ ಅಂಥ ಪ್ರಶ್ನೆ ನನಗೆ ಬಂದಿರಲಿಲ್ಲ. "ಅವರು ಹೇಳಿದ್ದನ್ನು ಬರೀರಿ" ಎಂದು ಹೇಳಿ ಬೋರ್ಡು ಒರೆಸತೊಡಗಿದೆ.

ಮಾತು ಹೆಡ್ ಮೇಡಂ ಕಿವಿಗೂ ಹೋಯಿತು. ಆಕೆ ನೈರೋಬಿಯವಳೇ, ಒಂದು ಕಾಲಕ್ಕೆ ನನ್ನ ಜೊತೆ ಸ್ಟಾಫ್ ರೂಮಿನಲ್ಲಿ ಒಂದೇ ಡಬ್ಬಿಯಿಂದ ಉಗಾಲಿ, ಇಲ್ಲಿಯ ಮೆಕ್ಕೆಜೋಳದ ಮುದ್ದೆ, ತಿಂದವಳು. ಕರೆದು ಕೂರಿಸಿ ಚಹಾ ಕೊಟ್ಟಾಗಲೇ ನನಗೆ ಅರ್ಥವಾಯಿತು. ಈಕೆ ಚಹಾ ಕೊಟ್ಟಳೆಂದರೆ ಕೆಟ್ಟ ಸುದ್ದಿ.

"ತಂದೆತಾಯಂದಿರು ಕೇಳುತ್ತಿದ್ದಾರೆ," ಎಂದಳು. "ಇಂಗ್ಲೆಂಡಿನ ನಕ್ಷೆ ಕಲಿಸಲು ಇಂಗ್ಲೆಂಡಿನವನೇ ಇರುವಾಗ ನೀವೇಕೆ ಅಂತ. ಜನವರಿಯಿಂದ ಪರೀಕ್ಷೆಯ ತರಗತಿ ಅವನು ತಗೊಳ್ಳಲಿ, ನೀವು ಚಿಕ್ಕ ಮಕ್ಕಳನ್ನು ನೋಡಿಕೊಳ್ಳಿ. ಟರ್ಮಿನ ಕೊನೆಯ ದಿನ ಪಟ್ಟಿ ಹಾಕುತ್ತೇನೆ."

ಚಿಕ್ಕ ಮಕ್ಕಳೆಂದರೆ ನನಗೆ ಅಸಡ್ಡೆ ಇಲ್ಲ. ಆದರೆ ಆ ತರಗತಿ ನನ್ನ ಕೈಬಿಟ್ಟರೆ, ಇವಳಿಗೆ ನಕ್ಷೆ ಓದಲು ಬಾರದು ಎಂದು ಗೋಡೆಯ ಮೇಲೆ ಬರೆದು ಅಂಟಿಸಿದಂತೆ. ನಾನು ಓದುವುದು ನನ್ನ ಓದಲ್ಲ, ಅಪ್ಪನ ಓದು. ಅವನಿಗೇ ಬಾರದು ಎಂದಂತೆ. ಇಷ್ಟೆಲ್ಲ ಆಕೆಗೆ ಹೇಗೆ ಹೇಳುವುದು? ಈ ನಕ್ಷೆಯ ಪಾಠವನ್ನು ಮುಗಿಸಲು ಮಾತ್ರ ಬಿಡಿ ಎಂದೆ. ಒಪ್ಪಿಕೊಂಡಳು. ಕೊನೆಯ ಪಾಠಕ್ಕೆ ಆ ಹುಡುಗನೂ ಬಂದು ಕೂರಲಿ ಎಂದಳು.

ಆ ಶುಕ್ರವಾರ ಸಂಜೆ ನಕ್ಷೆಯ ಒಂದು ಪ್ರತಿಯನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿದೆ. ಸೋಮವಾರದೊಳಗೆ ಏರಿಗಳನ್ನು ಕಿತ್ತುಹಾಕಬೇಕು, ಯಾವುದು ಎಲ್ಲಿದೆ ಎಂದು ಗುರುತು ಮಾಡಿಕೊಳ್ಳೋಣ ಎಂದು. ನಮ್ಮೆಜಮಾನರು ಪೇಪರಿನ ಹಿಂದಿನಿಂದಲೇ ಸಲಹೆ ಕೊಟ್ಟರು.

"ಎಲ್ಲಾನೂ ಕಿತ್ತು ಹಾಕ್ಬಿಡೇ. ಅವನು ಅಲ್ಲೇ ಹುಟ್ಟಿದೋನು, ಅವನಿಗೆ ಗೊತ್ತಿರಲ್ವಾ?"

"ಅಲ್ಲೇ ಹುಟ್ಬಿಟ್ರೆ ಎಲ್ಲಾ ಗೊತ್ತಿರುತ್ತಾ? ನೀವು ಮಂಡ್ಯದಲ್ಲಿ ಹುಟ್ಟಿದೋರಲ್ವಾ, ಒಂದೆಕರೆಗೆ ಎಷ್ಟು ಬಿತ್ತನೆ ಕಬ್ಬು ಬೇಕು ಹೇಳಿ ನೋಡೋಣ."

ಪೇಪರು ಮತ್ತೆ ಮೇಲಕ್ಕೆ ಹೋಯಿತು.

ಮಾತಿಗೆ ಅಂದದ್ದು ಅಷ್ಟೆ, ಹುಡುಗ ಹೇಳಿದ್ದು ಸರಿಯೆಂದು ನನಗೂ ಗೊತ್ತಿತ್ತು. ಒಂದೊಂದೇ ಕೆರೆಯನ್ನು ಭೂತಗನ್ನಡಿ ಹಿಡಿದು ನೋಡಿದೆ. ದುಂಡಗೆ, ಪುಟ್ಟದು, ಹೊಲದ ನಡುವೆ, ನೀರು ಬರುವ ಹಳ್ಳವೂ ಇಲ್ಲ. ಗುಂಡಿಯೇ. ಕಣ್ಣಿದ್ದವರು ಯಾರಾದರೂ ಹೇಳುತ್ತಿದ್ದರು. ನಾನು ಮಾತ್ರ ಹದಿನೆಂಟು ವರ್ಷ ನೋಡದೆ ನೋಡಿದ್ದೆ. ಒಂದು, ಎರಡು, ಮೂರು, ಆರರವರೆಗೂ ಹಾಗೇ. ಏಳನೆಯದಕ್ಕೆ ಬಂದಾಗ ಕೈ ನಿಂತಿತು.

ಏಳನೆಯ ಕೆರೆ ದುಂಡಗಿರಲಿಲ್ಲ. ಮೇಲಿನಿಂದ ಒಂದು ಸಣ್ಣ ಹಳ್ಳ ಬಂದು ಸೇರುತ್ತಿತ್ತು. ಇಳಿಜಾರಿನ ಕಡೆಯ ಅಂಚು ಮಾತ್ರ ಅಡಿಪಟ್ಟಿ ಇಟ್ಟು ಎಳೆದಂತೆ ನೇರ. ನೀರು ತಾನಾಗಿಯೇ ನೇರವಾಗಿ ನಿಲ್ಲುವುದಿಲ್ಲ. ಯಾರೋ ನಿಲ್ಲಿಸಿದರೆ ಮಾತ್ರ ನಿಲ್ಲುತ್ತದೆ. ಇದಕ್ಕೆ ಏರಿ ಇರಲೇಬೇಕು. ಆದರೆ ನೀರು ಬೇಡವಾದ ನಾಡಿನಲ್ಲಿ, ಹೊಲದ ನಡುವೆ, ಯಾರು ಕಟ್ಟಿದರು? ಯಾಕೆ?

ಕೆರೆಯ ಪಕ್ಕದಲ್ಲೇ ಚರ್ಚು ಇತ್ತು. ಅದೊಂದು ವಿಚಿತ್ರವನ್ನು ಮೊದಲಿನಿಂದಲೂ ಕಂಡಿದ್ದೆ, ಕೇಳಿಕೊಂಡಿರಲಿಲ್ಲ. ಹಳ್ಳಿಯ ಮನೆಗಳೆಲ್ಲ ರಸ್ತೆಯ ಎರಡು ಬದಿ, ಶಾಲೆ, ಪಬ್ಬು, ಅಂಚೆ ಕಚೇರಿ ಎಲ್ಲ ಅಲ್ಲೇ. ಚರ್ಚು ಮಾತ್ರ ಒಂದು ಕಿಲೋಮೀಟರು ದೂರ, ಹೊಲದ ನಡುವೆ ಒಂಟಿ. ಮನೆ ಇಲ್ಲ, ಫಾರಂ ಇಲ್ಲ. ಆದರೂ ನಾಲ್ಕು ದಿಕ್ಕಿನಿಂದ ನಾಲ್ಕು ಹಸಿರು ಕಾಲುದಾರಿ ಅಲ್ಲಿಗೇ ಬಂದು ಸೇರುತ್ತಿದ್ದವು. ಸುತ್ತಲಿನ ಹೊಲಗಳ ಬೇಲಿಗಳೂ ಬೇರೆ ತರಹ. ಉಳಿದ ಕಡೆ ದೊಡ್ಡ ದೊಡ್ಡ ಚೌಕ, ಇಲ್ಲಿ ಮಾತ್ರ ಸಣ್ಣ ಸಣ್ಣ ವಕ್ರ ತುಂಡುಗಳು, ಹಿತ್ತಲುಗಳಂತೆ.

ಭೂತಗನ್ನಡಿ ಕೆಳಗಿಟ್ಟೆ. ನಾನು ಒಂಬತ್ತು ವರ್ಷದವಳಾಗಿ ಶಿರಾ ಕಡೆಯ ಒಂದು ಬಯಲಿನಲ್ಲಿ ನಿಂತಿದ್ದೆ. ಹೊಲಗಳ ನಡುವೆ ಒಂದು ಹನುಮಪ್ಪನ ಗುಡಿ, ಒಂದು ಹುಣಸೆ ಮರ, ಸುತ್ತ ಮನುಷ್ಯರ ಸುಳಿವಿಲ್ಲ. ಅಪ್ಪ ಕೇಳಿದ್ದ, "ಇಲ್ಲಿಗೆ ಎಷ್ಟು ದಾರಿ ಬರ್ತವೆ?" ನಕ್ಷೆ ನೋಡಿ ಎಣಿಸಿದೆ, "ನಾಕು." "ಯಾಕೆ?" "ಪೂಜೆ ಮಾಡೋಕೆ." ಅಪ್ಪ ನಕ್ಕ. "ಶನಿವಾರಕ್ಕೊಬ್ಬ ಪೂಜಾರಿ ಬರೋಕೆ ನಾಕು ದಾರಿ ಬೇಕೇನೆ? ಕೆಳಗೆ ನೋಡು." ನೋಡಿದರೆ ಕಾಲಡಿಯಲ್ಲಿ ಮಡಕೆ ಚೂರುಗಳು, ಒರಳುಕಲ್ಲಿನ ಒಡಕು, ಮಣ್ಣಲ್ಲಿ ಹೂತ ಗೋಡೆಯ ಪಾಯ. ಊರೇ ಇತ್ತು ಅಲ್ಲಿ. ಪ್ಲೇಗೋ ಬರವೋ, ಜನ ಎದ್ದು ಹೋಗಿದ್ದರು. ಮನೆಗಳು ಮಣ್ಣಾಗಿದ್ದವು. ಹೆಸರು ಮಾತ್ರ ದಫ್ತರದಲ್ಲಿ ಉಳಿದಿತ್ತು. ಜನವಿಲ್ಲದ ಅಂಥ ಊರಿಗೆ ಸರ್ಕಾರಿ ಕಾಗದದಲ್ಲಿ ಬೇಚಿರಾಕ್ ಗ್ರಾಮ ಎನ್ನುತ್ತಾರೆ. "ಮನೆ ಬಿದ್ದೋಗುತ್ತೆ, ಜನ ಸಾಯ್ತಾರೆ," ಎಂದಿದ್ದ ಅಪ್ಪ, "ದೇವರು, ಕೆರೆ, ದಾರಿ, ಈ ಮೂರು ಅಷ್ಟು ಬೇಗ ಹೋಗಲ್ಲ."

ದೇವರು, ಕೆರೆ, ದಾರಿ. ಮೂರೂ ನನ್ನ ಊಟದ ಮೇಜಿನ ಮೇಲೆ ಇದ್ದವು.

ಸೋಮವಾರ ಬೆಳಿಗ್ಗೆ ತರಕಾರಿ ಹೆಚ್ಚುವ ಚಾಕು ತೆಗೆದುಕೊಂಡು ಹೋಗಿ ಆರು ಏರಿಗಳನ್ನು ಕೆತ್ತಿ ತೆಗೆದೆ. ಏಳನೆಯದನ್ನು ಬಿಟ್ಟೆ. ಮಕ್ಕಳು ಬಂದ ಮೇಲೆ, "ಈ ಆರರಲ್ಲಿ ನಾನು ತಪ್ಪು ಮಾಡಿದ್ದೆ, ನಮ್ಮ ಊರಿನ ಕೆರೆಯನ್ನು ಅವರ ಊರಿನಲ್ಲಿ ಇಟ್ಟಿದ್ದೆ" ಎಂದು ನನ್ನ ಬಾಯಿಂದಲೇ ಹೇಳಿದೆ. ಹಿಂದಿನ ಬೆಂಚಿನಲ್ಲಿ ಇಂಗ್ಲೆಂಡಿನ ಹುಡುಗ ಕೂತಿದ್ದ. ಅವನು ತಲೆ ಬಗ್ಗಿಸಿಕೊಂಡ, ತಾನೇ ತಪ್ಪು ಮಾಡಿದವನಂತೆ.

"ಏಳನೆಯದು ಯಾಕೆ ಉಳಿಸಿದ್ದೇನೆ, ನೀವು ಹೇಳಿ," ಎಂದೆ.

ನೇರ ಅಂಚನ್ನು ಗುಜರಾತಿ ಹುಡುಗನೊಬ್ಬ ಮೊದಲು ಕಂಡುಹಿಡಿದ. ಆಮೇಲೆ ನಾನು ಅಪ್ಪನ ಪ್ರಶ್ನೆಯನ್ನೇ ಕೇಳಿದೆ. ಚರ್ಚಿಗೆ ಎಷ್ಟು ದಾರಿ? ಯಾಕೆ? ಭಾನುವಾರ ಪ್ರಾರ್ಥನೆಗೆ ಎಂದರು, ಮದುವೆಗೆ ಎಂದರು. ನಾನು ಸುಮ್ಮನಿದ್ದೆ. ಉತ್ತರ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿರುವಾಗ ಸುಮ್ಮನಿರುವುದು ಎಷ್ಟು ಕಷ್ಟವೆಂದು ಮೇಷ್ಟ್ರಾದವರಿಗೇ ಗೊತ್ತು.

ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ ಹೇಳಿದಳು. "ಮಿಸ್, ಅಲ್ಲಿ ಜನ ಇದ್ದರು."

"ಯಾವ ಜನ?"

"ಈಗ ಇಲ್ಲದ ಜನ. ನಮ್ಮಜ್ಜಿಯ ಹಳೇ ಊರೂ ಹೀಗೇ ಇದೆ. ದಾರಿಗಳು ಇವೆ, ಮನೆ ಒಂದೂ ಇಲ್ಲ. ಅಜ್ಜಿ ಚಿಕ್ಕವಳಿದ್ದಾಗ ಬ್ರಿಟಿಷರು ಎಲ್ಲರನ್ನೂ ಎಬ್ಬಿಸಿ ಬೇರೆ ಕಡೆ ಬೇಲಿಯೊಳಗೆ ಇಟ್ಟರಂತೆ. ಅಜ್ಜಿ ಈಗಲೂ ಆ ದಾರಿಯಲ್ಲೇ ನೀರಿಗೆ ಹೋಗುತ್ತಾಳೆ."

ಹಿಂದಿನ ಬೆಂಚಿನ ಕಡೆ ನಾನು ನೋಡಲಿಲ್ಲ. ಹುಡುಗಿಯ ಬೆನ್ನು ತಟ್ಟಿ, "ಸರಿಯಾಗಿ ಓದಿದೆ" ಎಂದೆ. ಹೇಳಿದ ಮೇಲೆ ಅನ್ನಿಸಿತು, ಒಂಬತ್ತು ವರ್ಷದಲ್ಲಿ ನನಗೆ ಯಾರಾದರೂ ಹೀಗೆ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಪಾಠ ಮುಗಿದ ಮೇಲೆ ಇಂಗ್ಲೆಂಡಿನ ಹುಡುಗ ಮೇಜಿನ ಬಳಿ ಬಂದ. "ಪ್ರತಿ ಕ್ರಿಸ್‌ಮಸ್ಸಿಗೂ ಅಮ್ಮ ನನ್ನನ್ನು ಈ ದಾರಿಯಲ್ಲೇ ಚರ್ಚಿಗೆ ಕರೆದುಕೊಂಡು ಹೋಗುತ್ತಿದ್ದಳು. ಊರಲ್ಲಿ ಕಟ್ಟದೆ ಕೆಸರಲ್ಲಿ ಯಾಕೆ ಕಟ್ಟಿದರೋ ಅಂತ ಬೈದುಕೊಂಡೇ ನಡೆಯುತ್ತಿದ್ದೆ. ಆದರೆ ಮೇಡಂ, ಹಿಂದಿನ ಜಮೀನ್ದಾರರು ತಮ್ಮ ಬಂಗಲೆಯ ಪಕ್ಕದಲ್ಲಿ ಚರ್ಚು ಕಟ್ಟಿಸಿಕೊಳ್ಳುತ್ತಿದ್ದದ್ದೂ ಉಂಟು. ಬಂಗಲೆ ಬಿದ್ದುಹೋಗಿ ಚರ್ಚು ಒಂಟಿಯಾಗಿರಬಹುದು."

"ಇರಬಹುದು," ಎಂದೆ. ನಿಜಕ್ಕೂ ಇರಬಹುದಿತ್ತು. ಒಂದು ಸಲ ಜಾರಿದವಳು ನಾನು, ಎರಡನೆಯ ಸಲ ಹೆಜ್ಜೆ ನೋಡಿ ಇಡಬೇಕು. "ನಿಮ್ಮ ತಾಯಿಯವರಿಗೆ ತೊಂದರೆ ಆಗದಿದ್ದರೆ ಒಮ್ಮೆ ಹೋಗಿ ನೋಡಲು ಹೇಳಿ. ಚರ್ಚಿನ ಸುತ್ತಲಿನ ನೆಲ, ಆಮೇಲೆ ಕೆರೆಯ ಕೆಳಗಿನ ದಂಡೆ. ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಹೋಗಲಿ. ನೆತ್ತಿಯ ಬಿಸಿಲಿನಲ್ಲಿ ನೆಲ ಏನನ್ನೂ ತೋರಿಸುವುದಿಲ್ಲ." ಇದೂ ಅಪ್ಪನ ಮಾತೇ.

ಹತ್ತು ದಿನ ಕಳೆಯಿತು. ಆ ತಾಯಿಗೆ ನೆಗಡಿ, ಆಮೇಲೆ ಅಲ್ಲಿ ಮಳೆ. ನಾನು ಹೊರಗೆ ಏನೂ ಆಗದವಳಂತೆ ಚಿಕ್ಕ ತರಗತಿಗಳ ಪುಸ್ತಕ ತಿರುವಿ ಹಾಕುತ್ತಿದ್ದೆ. ಒಳಗೆ ಮಾತ್ರ ಒಂದೇ ಯೋಚನೆ. ಏರಿ ಇಲ್ಲದಿದ್ದರೆ? ಮಕ್ಕಳ ಮುಂದೆ ಎರಡು ಸಲ ತಪ್ಪಿದ ಮೇಷ್ಟ್ರ ಮಾತನ್ನು ಆಮೇಲೆ ಯಾರು ಕೇಳುತ್ತಾರೆ? ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ನಮ್ಮೆಜಮಾನರು ಮಾತಾಡದೆ ಉಂಡರು, ಪುಣ್ಯಾತ್ಮರು.

ಪಟ್ಟಿ ಹಾಕುವುದಕ್ಕೆ ಎರಡು ದಿನ ಇರುವಾಗ ಹುಡುಗ ಸ್ಟಾಫ್ ರೂಮಿಗೆ ಹೆಚ್ಚುಕಡಿಮೆ ಓಡಿಯೇ ಬಂದ. ಕೈಯಲ್ಲಿ ಲ್ಯಾಪ್‌ಟಾಪು. ತಾಯಿ ಬೆಳಿಗ್ಗೆ ಇಬ್ಬನಿ ಹೆಪ್ಪುಗಟ್ಟಿರುವ ಹೊತ್ತಿಗೇ ಬೂಟು ಹಾಕಿಕೊಂಡು ಹೋಗಿದ್ದರಂತೆ. ಮೊದಲ ಫೋಟೋದಲ್ಲಿ ಚರ್ಚಿನ ಪಕ್ಕದ ಹುಲ್ಲುಗಾವಲು. ಬಿಳಿಯ ಇಬ್ಬನಿಯ ಮೇಲೆ ಓರೆ ಬಿಸಿಲು. ನೆಲವೆಲ್ಲ ಉಬ್ಬುತಗ್ಗು. ನಡುವೆ ಒಂದು ತಗ್ಗಾದ ಬೀದಿ, ಎರಡು ಬದಿಗೂ ಚೌಕ ಚೌಕ ಜಗಲಿಗಳು. ಒಂದರ ಪಕ್ಕ ಒಂದು, ಸಾಲಾಗಿ. ಅವು ಒಬ್ಬ ಜಮೀನ್ದಾರನ ಬಂಗಲೆಯಲ್ಲ. ಬೀದಿ, ಮನೆಗಳು, ಊರು. ಅಲ್ಲಿಯ ರೈತ ಹೇಳಿದನಂತೆ, ಆ ಹೊಲಕ್ಕೆ ತಮ್ಮ ತಾತನ ಕಾಲದಿಂದಲೂ ನೇಗಿಲು ಇಟ್ಟಿಲ್ಲ, ಇಟ್ಟರೆ ಬರೀ ಕಲ್ಲು ಎದ್ದು ಬರುತ್ತವೆ ಎಂದು.

ಎರಡನೆಯ ಫೋಟೋ ಕೆರೆಯದು. ಕೆಳಗಿನ ಬದಿಯಲ್ಲಿ, ಈ ತುದಿಯಿಂದ ಆ ತುದಿಗೆ, ಎದೆಯೆತ್ತರದ ಮಣ್ಣಿನ ದಿಬ್ಬ. ಹುಲ್ಲು ಬೆಳೆದಿದೆ, ಮೇಲೆ ಎರಡು ಹಳೆಯ ಮರ. ಅಳತೆ ತಿಳಿಯಲಿ ಎಂದು ಆ ತಾಯಿ ತನ್ನ ಊರುಗೋಲನ್ನು ಒರಗಿಸಿಟ್ಟಿದ್ದರು.

ಏರಿ!

ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಕಣ್ಣು ತುಂಬಿತು, ಒರೆಸಿಕೊಳ್ಳಲೂ ಇಲ್ಲ. ಆ ನೆಲದಲ್ಲಿ ಹುಟ್ಟಿದವನು ಕಾಣದ್ದನ್ನು ಆರೇಳು ಸಾವಿರ ಕಿಲೋಮೀಟರು ದೂರದ ಪಂಗಾನಿಯ ಊಟದ ಮೇಜಿನ ಮೇಲೆ ಒಬ್ಬ ಮೋಜಿಣಿದಾರನ ಮಗಳು ಕಂಡಿದ್ದಳು. ಏಳರಲ್ಲಿ ಆರು ತಪ್ಪಾಗಿದ್ದರೇನು, ಈ ಒಂದು ಸಾಕು ನನಗೆ.

"ನೀವು ಇದನ್ನು ಎಲ್ಲಿ ಕಲಿತಿರಿ?" ಹುಡುಗ ಕೇಳಿದ.

"ಬಿಸಿಲಲ್ಲಿ," ಎಂದೆ.

ಅವನು ಆ ಫೋಟೋಗಳನ್ನು ಹಿಡಿದುಕೊಂಡು ತಾನೇ ಹೆಡ್ ಮೇಡಂ ಹತ್ತಿರ ಹೋದ. ನಾನು ಕಳಿಸಲಿಲ್ಲ, ದೇವರಾಣೆ. ಕೊನೆಯ ದಿನ ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಬಂದಾಗ ಪರೀಕ್ಷೆಯ ತರಗತಿಯ ಎದುರು ನನ್ನ ಹೆಸರೇ ಇತ್ತು. ಅದರ ಕೆಳಗೆ ಸಣ್ಣಕ್ಷರದಲ್ಲಿ ಅವನ ಹೆಸರೂ ಇತ್ತು, ನನ್ನ ಸಹಾಯಕ್ಕೆ. ಹಾಗೆ ಹಾಕಿ ಎಂದು ಅವನೇ ಕೇಳಿಕೊಂಡಿದ್ದನಂತೆ. ಹೆಡ್ ಮೇಡಂ ಕಾರಿಡಾರಿನಲ್ಲಿ ಸಿಕ್ಕಿ ನಕ್ಕಳು. ಚಹಾಕ್ಕೆ ಮಾತ್ರ ಕರೆಯಲಿಲ್ಲ. ಒಳ್ಳೆಯ ಲಕ್ಷಣ.

ಅಪ್ಪನಿಗೆ ಆಗ ಎಂಬತ್ತೆರಡು. ತುಮಕೂರಿನಲ್ಲಿ ತಮ್ಮನ ಮನೆಯಲ್ಲಿ, ಮೊಮ್ಮಕ್ಕಳ ಗಲಾಟೆಯ ನಡುವೆ ರಾಜನ ಹಾಗೆ ಇದ್ದ. ತಮ್ಮನ ಫೋನಿಗೆ ನಕ್ಷೆಯ ಆ ಮೂಲೆಯನ್ನೂ ಎರಡು ಫೋಟೋಗಳನ್ನೂ ಕಳಿಸಿದೆ, ಕತೆಯನ್ನೆಲ್ಲ ಬರೆದೆ. ಅವತ್ತು ಸಂಜೆ ಶಾಲೆಯಿಂದ ಮರಳುವಾಗ ಮಟಾಟು ಜಾಮಿನಲ್ಲಿ ನಿಂತಿತ್ತು. ಫೋನು ಬಂತು, ಅಪ್ಪನೇ. ಹೇಗಿದ್ದೀಯ ಎಂದಿಲ್ಲ, ಊಟ ಆಯ್ತಾ ಎಂದಿಲ್ಲ.

"ತೂಬು ಎಲ್ಲಿದೆ?"

"ಏನಪ್ಪಾ?"

"ಏರಿ ತೋರಿಸಿದ್ದೀಯ. ತೂಬು ಎಲ್ಲಿ ಅಂತ ಕೇಳ್ದೆ. ನೋಡಿದ್ಯಾ?"

ನಾನು ನೋಡಿರಲಿಲ್ಲ. ಐವತ್ತು ದಾಟಿದವಳು, ಒಂಬತ್ತು ವರ್ಷದವಳ ಹಾಗೆ ತೊದಲಿದೆ.

"ಆ ಎರಡು ಮರ ಅವೆಯಲ್ಲ, ಅದರ ಮಧ್ಯ ಏರಿ ಒಂದಿಷ್ಟು ತಗ್ಗಿದೆ ನೋಡು. ಜೊಂಡು ಬೆಳೆದಿದೆ ಅಲ್ಲಿ. ತೂಬು ಇದ್ದದ್ದು ಅಲ್ಲೇ. ನಿನ್ನ ತಮ್ಮನಿಗೆ ದೊಡ್ಡದು ಮಾಡಿ ತೋರ್ಸು ಅಂದೆ, ತೋರಿಸ್ದ."

ಫೋನನ್ನು ಕಿವಿಯಿಂದ ತೆಗೆದು ಫೋಟೋ ಹಿಗ್ಗಿಸಿ ನೋಡಿದೆ. ಎರಡು ಮರಗಳ ನಡುವೆ ತಗ್ಗು ಇತ್ತು, ಜೊಂಡು ಇತ್ತು. ಕಣ್ಣಿನ ಪೊರೆ ತೆಗೆಸಿಕೊಂಡ ಎಂಬತ್ತೆರಡರ ಮುದುಕ ನನಗಿಂತ ಮೊದಲು ಕಂಡಿದ್ದ. ಮತ್ತೆ ಕಿವಿಗಿಟ್ಟುಕೊಂಡಾಗ ಅಪ್ಪ ನನ್ನ ಜೊತೆ ಮಾತಾಡುತ್ತಿರಲಿಲ್ಲ. ಆ ಕಡೆ ಯಾರಿಗೋ, ಪಕ್ಕದ ಮನೆಯವರಿಗಿರಬೇಕು, ಹೇಳುತ್ತಿದ್ದ. "ನನ್ನ ಮಗಳು. ಆಫ್ರಿಕಾದಲ್ಲಿ ಕೂತ್ಕೊಂಡು ಇಂಗ್ಲೆಂಡಲ್ಲಿ ಒಂದು ಬೇಚಿರಾಕ್ ಗ್ರಾಮ ಹಿಡಿದಿದ್ದಾಳೆ. ಸರಪಳಿ ಇಲ್ಲ, ಏನಿಲ್ಲ. ಬರೀ ಕಣ್ಣಲ್ಲಿ."

"ಅಪ್ಪಾ," ಎಂದೆ.

"ಹೂಂ," ಎಂದ. ಆಮೇಲೆ ದನಿ ತಗ್ಗಿಸಿ ಹೇಳಿದ, "ತಾಳೆ ಆಯ್ತು ಬಿಡಮ್ಮ."

ಜಾಮು ಯಾವಾಗ ಬಿಟ್ಟಿತೋ ನನಗೆ ತಿಳಿಯಲಿಲ್ಲ. ಅಪ್ಪ ಫೋನು ಇಟ್ಟ ಮೇಲೂ ನಾನು ಅದನ್ನು ಕಿವಿಗೆ ಹಿಡಿದುಕೊಂಡೇ ಕೂತಿದ್ದೆ, ಇಳಿಯಬೇಕಾದ ಸ್ಟೇಜು ದಾಟಿ ಹೋಗಿತ್ತು.